ಗಂಜಿ ಪುಡಿ ಬಾಯಿಗೆ ಹಿಡಿಸಲಿಲ್ಲ, ದುಡ್ಡು ವಾಪಸ್ ಕೇಳಬಹುದೇ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನಿವೃತ್ತ ಶಿಕ್ಷಕಿ. ನಮ್ಮವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ದೋಸೆಯ ಬದಲು ಗಂಜಿ ಕುಡಿಯಲಿ ಎಂದು ಪೇಟೆಯ ಅಂಗಡಿಯಿಂದ ರಾಗಿ-ಬಾದಾಮಿ ಗಂಜಿ ಮಿಕ್ಸ್ ತಂದೆ. 500 ಗ್ರಾಂಗೆ 345 ರೂಪಾಯಿ. ಪ್ಯಾಕೆಟ್ಟಿನ ಎದುರಿಗೆ ‘ಸಕ್ಕರೆ ಸೇರಿಸಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿದೆ. ಕುದಿಯುವ ನೀರಿಗೆ ಹಾಕಿ ಕಲಸಿದರೆ ಗಂಟು ಗಂಟು, ಕುದಿಸುತ್ತಾ ಹೋದರೆ ನೀರು ನೀರು. ಒಡೆದ ದಿನವೇ ಹಳೇ ಎಣ್ಣೆಯ ಕಮಟು ವಾಸನೆ ಇತ್ತು. ಕುಡಿದರೆ ಪಾಯಸದಷ್ಟು ಸಿಹಿ. ಅಂಗಡಿಗೆ ಒಯ್ದರೆ ‘ಒಡೆದ ಪ್ಯಾಕೆಟ್ ತೆಗೆದುಕೊಳ್ಳುವುದಿಲ್ಲ, ರುಚಿ ಹಿಡಿಸಲಿಲ್ಲ ಅಂದ್ರೆ ನಾವೇನು ಮಾಡೂದು’ ಅಂದರು, ಗೋಡೆಯ ಮೇಲಿನ ಬೋರ್ಡು ತೋರಿಸಿದರು. ತಂದು ಮೂರು ವಾರವಾಯಿತು. ಬಿಲ್ಲು ಕೊಟ್ಟಿರಲಿಲ್ಲ, ಫೋನಿನಲ್ಲಿ ದುಡ್ಡು ಹಾಕಿದ್ದೆ. ಇಷ್ಟು ಸಣ್ಣ ಮೊತ್ತಕ್ಕೆ ಏನಾದರೂ ದಾರಿ ಇದೆಯೇ? ಇಲ್ಲವಾದರೆ ಉಳಿದ ಪುಡಿಯನ್ನು ಕರುವಿಗೆ ಹಾಕಿಬಿಡುತ್ತೇನೆ. ಪ್ಯಾಕೆಟ್ಟಿನ ಎರಡೂ ಬದಿಯ ಫೋಟೋ ಕಳಿಸಿದ್ದೇನೆ.

ಉತ್ತರ: ಅಕ್ಕೋರೇ, ನೀವು ಬರೆದದ್ದು ಒಂದು ದೂರಲ್ಲ, ನಾಲ್ಕು. ಗಂಟಾಯಿತು, ನೀರಾಯಿತು, ಕಮಟು ನಾತ, ವಿಪರೀತ ಸಿಹಿ. ಅಂಗಡಿಯವರು ನಾಲ್ಕನ್ನೂ ಒಟ್ಟಿಗೆ ಮೂಟೆ ಕಟ್ಟಿ ‘ರುಚಿ’ ಎಂದು ಹೆಸರಿಟ್ಟು ಪಕ್ಕಕ್ಕಿಟ್ಟರು. ನೀವೂ ಕೌಂಟರಿನಲ್ಲಿ ನಿಂತು ನಾಲ್ಕನ್ನೂ ಒಂದೇ ಉಸಿರಿಗೆ ಹೇಳಿರಬೇಕು. ದುಡ್ಡು ವಾಪಸ್ ಬರುವ ದಾರಿ ಇದೆ. ಆದರೆ ಗಂಜಿ ಚೆನ್ನಾಗಿಲ್ಲ ಎಂದು ಹೋದರೆ ಬರುವುದಿಲ್ಲ, ಪ್ಯಾಕೆಟ್ಟಿನ ಮೇಲೆ ಬರೆದದ್ದು ಸುಳ್ಳು ಎಂದು ಹೋದರೆ ಬರುತ್ತದೆ.

ಮೊದಲು ಗಂಟಿನ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಇದರಲ್ಲಿ ನಾನು ನಿಮ್ಮ ಕಡೆ ವಾದಿಸಲಾರೆ. ಒಣಹಿಟ್ಟು ಕುದಿಯುವ ನೀರಿಗೆ ಬಿದ್ದ ಕೂಡಲೇ ಮುದ್ದೆಯ ಹೊರಮೈಯಲ್ಲಿರುವ ಪಿಷ್ಟ ಬೆಂದು ಅಂಟಾಗುತ್ತದೆ. ಆ ಅಂಟಿನ ಗೋಡೆ ದಾಟಿ ನೀರು ಒಳಗೆ ಹೋಗುವುದಿಲ್ಲ. ಒಡೆದು ನೋಡಿದರೆ ನಡುವೆ ಒಣಪುಡಿ ಹಾಗೇ ಇರುತ್ತದೆ. ಮಕ್ಕಳಿಗೆ ರಾಗಿ ಮಣ್ಣಿ ಮಾಡುವಾಗ ನಮ್ಮ ಮನೆಗಳಲ್ಲಿ ತಣ್ಣೀರಲ್ಲಿ ಕದಡಿಕೊಂಡೇ ಒಲೆಗೆ ಇಡುವುದು ಇದಕ್ಕೇ. ನಿಮಗೆ ಇದು ಗೊತ್ತಿಲ್ಲದ್ದಲ್ಲ. ಪ್ಯಾಕೆಟ್ಟಿನ ಹಿಂದೆ ‘ಕುದಿಯುವ ನೀರಿಗೆ ಹಾಕಿ 2 ನಿಮಿಷ ಕಲಸಿ’ ಎಂದು ಅಚ್ಚಾಗಿದೆ, ಅದನ್ನು ನಂಬಿದಿರಿ. ಅದನ್ನು ಬರೆದವರು ಗಂಜಿ ಕಾಯಿಸಿದವರಲ್ಲ ಎಂದಷ್ಟೇ ಹೇಳಬಲ್ಲೆ.

ನೀರಾದದ್ದಕ್ಕೂ ಕಾರಣವಿದೆ. ಹಿಂಬದಿಯಲ್ಲಿ ‘ಮೊಳಕೆ ರಾಗಿ ಹಿಟ್ಟು’ ಎಂದಿದೆ. ರಾಗಿ ಮೊಳಕೆ ಬಂದಾಗ ಅದರಲ್ಲಿ ಪಿಷ್ಟವನ್ನು ತುಂಡರಿಸುವ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಗಂಜಿ ನಿಧಾನಕ್ಕೆ ಬಿಸಿಯಾಗುತ್ತಾ ಹೋದಂತೆ ಆ ಕಿಣ್ವ ಕೆಲಸ ಮಾಡಿ ಗಂಜಿಯನ್ನು ತೆಳುವಾಗಿಸುತ್ತದೆ, ಪೂರ್ತಿ ಕುದಿ ಬಂದಮೇಲೆ ತಾನೇ ಸಾಯುತ್ತದೆ. ಹಾಗಾಗಿ ಮೊಳಕೆ ಹಿಟ್ಟಿನ ಗಂಜಿ ಮಾಮೂಲಿ ರಾಗಿ ಅಂಬಲಿಯಷ್ಟು ದಪ್ಪ ಆಗುವುದೇ ಇಲ್ಲ. ಅದು ಅದರ ಗುಣ, ದೋಷವಲ್ಲ. ಈ ಎರಡು ಮಾತನ್ನು ನಿಮ್ಮ ಪತ್ರದಿಂದ ಹೊಡೆದು ಹಾಕಿ. ಇಟ್ಟರೆ ಕಂಪನಿಯವರು ಅದಕ್ಕೆ ಮಾತ್ರ ಉತ್ತರ ಬರೆದು, ಉಳಿದದ್ದನ್ನು ನುಂಗುತ್ತಾರೆ.

ಈಗ ಸಿಹಿ. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ಓದಿದೆ. ಪದಾರ್ಥಗಳ ಸಾಲು ಹೀಗಿದೆ: ಗೋಧಿ ಹಿಟ್ಟು 34%, ಮೊಳಕೆ ರಾಗಿ ಹಿಟ್ಟು 28%, ಬೆಲ್ಲದ ಪುಡಿ, ಮಾಲ್ಟೋಡೆಕ್ಸ್‌ಟ್ರಿನ್, ಸಜ್ಜೆ ಹಿಟ್ಟು 5%, ಖರ್ಜೂರದ ಪುಡಿ, ಬಾದಾಮಿ 2%, ಏಲಕ್ಕಿ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮದ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕು, ಅಂದರೆ ಹೆಚ್ಚಿರುವುದು ಮೊದಲು. ಬೆಲ್ಲಕ್ಕೆ ಪ್ರಮಾಣ ಬರೆದಿಲ್ಲ, ಆದರೆ ಅದು ಕೂತ ಜಾಗವೇ ಲೆಕ್ಕ ಹೇಳುತ್ತದೆ. ಬರೆದಿರುವ ನಾಲ್ಕನ್ನು ಕೂಡಿಸಿದರೆ 69. ಉಳಿದ 31ರಲ್ಲಿ ಬೆಲ್ಲ, ಮಾಲ್ಟೋಡೆಕ್ಸ್‌ಟ್ರಿನ್, ಖರ್ಜೂರ, ಏಲಕ್ಕಿ. ಸಜ್ಜೆಯ ನಂತರ ಬರುವ ಖರ್ಜೂರ 5ನ್ನು ದಾಟುವಂತಿಲ್ಲ, ಬಾದಾಮಿಯ ನಂತರದ ಏಲಕ್ಕಿ 2ನ್ನು ದಾಟುವಂತಿಲ್ಲ. ಅವೆರಡನ್ನು ಪೂರ್ತಿ ಕಳೆದರೂ 24 ಉಳಿಯಿತು. ಬೆಲ್ಲ ಮಾಲ್ಟೋಡೆಕ್ಸ್‌ಟ್ರಿನ್‌ಗಿಂತ ಮುಂದಿದೆಯಾದ್ದರಿಂದ ಅರ್ಧಕ್ಕಿಂತ ಕಡಿಮೆ ಇರಲಾರದು. ಏನಿಲ್ಲವೆಂದರೂ 12%. ನಿಮ್ಮ 500 ಗ್ರಾಂ ಪ್ಯಾಕೆಟ್ಟಿನಲ್ಲಿ ಕನಿಷ್ಠ 60 ಗ್ರಾಂ ಬೆಲ್ಲ. ಗಣಿತ ಕಲಿಸಿದವರಿಗೆ ನಾನು ಲೆಕ್ಕ ಹೇಳುವುದು ಅಧಿಕಪ್ರಸಂಗ, ಆದರೂ ಕಂಪನಿಗೆ ಬರೆಯುವಾಗ ಈ ಲೆಕ್ಕವನ್ನು ಹೀಗೇ ಇಳಿಸಿ.

ಗ್ರಾಹಕ ಸೇವೆಗೆ ಫೋನು ಮಾಡಿದರೆ ಬರುವ ಮೊದಲ ಉತ್ತರವನ್ನು ಈಗಲೇ ಹೇಳುತ್ತೇನೆ: ‘ಮೇಡಂ, ಸಕ್ಕರೆ ಹಾಕಿಲ್ಲ, ಬೆಲ್ಲ ಹಾಕಿರೋದು.’ ಜೋನಿಬೆಲ್ಲ ಸುರಿದುಕೊಂಡು ನಾಲ್ಕು ದೋಸೆ ತಿಂದು ಡಾಕ್ಟರ ಹತ್ತಿರ ‘ಸಕ್ಕರೆ ಮುಟ್ಟಲಿಲ್ಲ’ ಅಂದ ಹಾಗೆ ಇದು. ಜಾಹೀರಾತಿನಲ್ಲೂ ಪ್ಯಾಕೆಟ್ಟಿನ ಮೇಲೂ ಏನು ಹೇಳಿಕೊಳ್ಳಬಹುದು ಎಂಬ ಬಗ್ಗೆ ಅದೇ ಪ್ರಾಧಿಕಾರದ 2018ರ ನಿಯಮ ಈ ಬಾಗಿಲನ್ನು ಆಗಲೇ ಮುಚ್ಚಿದೆ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆಯಬೇಕಾದರೆ ಯಾವ ಬಗೆಯ ಸಕ್ಕರೆಯನ್ನೂ ಸೇರಿಸಿರಬಾರದು. ಜೇನುತುಪ್ಪ, ಕಾಕಂಬಿ, ಗ್ಲೂಕೋಸ್ ಕೂಡ ಅದೇ ಗುಂಪಿಗೆ ಬರುತ್ತವೆ. ಸಕ್ಕರೆಯ ಬದಲಿಗೆ ಸಿಹಿ ಕೊಡುವ ಪದಾರ್ಥವನ್ನೂ, ಉದಾಹರಣೆಗೆ ಒಣಹಣ್ಣಿನ ಪೇಸ್ಟನ್ನು, ಹಾಕಿರಬಾರದು. ಖರ್ಜೂರದ ಪುಡಿಯ ಮೇಲೆ ಒಂದಿಷ್ಟು ವಾದ ಮಾಡಬಹುದೇನೋ, ಬೆಲ್ಲದ ಮೇಲೆ ಮಾಡಲು ಏನೂ ಇಲ್ಲ.

ಪೋಷಕಾಂಶದ ಪಟ್ಟಿಯಲ್ಲಿ ಇನ್ನೊಂದು ತಮಾಷೆ ಇದೆ. ‘ಒಟ್ಟು ಸಕ್ಕರೆ 19 ಗ್ರಾಂ, ಸೇರಿಸಿದ ಸಕ್ಕರೆ 0 ಗ್ರಾಂ.’ ನೂರು ಗ್ರಾಂ ಪುಡಿಗೆ ಹತ್ತೊಂಬತ್ತು. ರಾಗಿಗೂ ಗೋಧಿಗೂ ಅಷ್ಟು ಸ್ವಂತ ಸಿಹಿ ಎಲ್ಲಿಂದ ಬರಬೇಕು? ನಿಮ್ಮವರು ದಿನಕ್ಕೆ 40 ಗ್ರಾಂ ಪುಡಿಯ ಗಂಜಿ ಕುಡಿದಿದ್ದರೆ ಏಳೂವರೆ ಗ್ರಾಂ, ಅಂದರೆ ಸುಮಾರು ಎರಡು ಚಹಾ ಚಮಚ ಸಕ್ಕರೆ ಹೊಟ್ಟೆಗೆ ಹೋಯಿತು. ಮಾಲ್ಟೋಡೆಕ್ಸ್‌ಟ್ರಿನ್ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ಪಿಷ್ಟವನ್ನು ಒಡೆದು ಮಾಡಿದ ಪುಡಿ, ಪಟ್ಟಿಯಲ್ಲಿ ಕಾರ್ಬೋಹೈಡ್ರೇಟಿನ ಕೆಳಗೆ ಅಡಗಿ ಕೂರುತ್ತದೆ, ಆದರೆ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಈ ಮೂರು ವಾರದ ವಿಷಯ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿಬಿಡಿ.

ಎದುರಿನ ಚಿತ್ರದಲ್ಲಿ ರಾಗಿ ತೆನೆ, ಬೊಗಸೆ ತುಂಬ ಬಾದಾಮಿ. ಒಳಗೆ ಗೋಧಿಯೇ ಮುಂದು. ಇದಕ್ಕೆ ಮೋಸ ಎನ್ನಲು ಮನಸ್ಸು ಬರುತ್ತದೆ, ಆದರೆ ಚಿತ್ರದಲ್ಲಿ ಎದ್ದು ಕಾಣಿಸಿದ ಪದಾರ್ಥದ ಪ್ರಮಾಣವನ್ನು ಬರೆಯಬೇಕೆಂಬ ನಿಯಮವನ್ನು ಅವರು ಪಾಲಿಸಿದ್ದಾರೆ: 28%, 2%. ಆ ಸಂಖ್ಯೆಗಳೂ ನಿಜವೇ ಇರಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. 28% ರಾಗಿ ಎಂದರೆ ನೂರರ ಹತ್ತಿರ, ಉಳಿದವುಗಳದ್ದು ಸ್ವಲ್ಪ ಸೇರಿ ಪ್ಯಾಕೆಟ್ಟಿನಲ್ಲಿ ಬರೆದ 128 ಮಿಲಿಗ್ರಾಂಗೆ ಹೊಂದುತ್ತದೆ. ಹಾಗಾಗಿ ರಾಗಿ ಕಡಿಮೆ ಎಂಬ ದೂರನ್ನು ಬೆಲ್ಲದ ದೂರಿನ ಜೊತೆ ಸೇರಿಸಬೇಡಿ. ಮುಂದಿನ ಸಲ ಯಾವ ‘ರಾಗಿ’ ಪ್ಯಾಕೆಟ್ ಕೊಂಡರೂ ಕ್ಯಾಲ್ಸಿಯಂ ಸಾಲು ನೋಡಿ, ತೆನೆಯ ಚಿತ್ರ ಹೇಳದ್ದನ್ನು ಅದು ಹೇಳುತ್ತದೆ.

ಕಮಟು ವಾಸನೆಯದ್ದು ನಡುವಿನ ಸ್ಥಿತಿ. ಕಾರಣ ಬಾದಾಮಿ ಇರಬಹುದು, ನನ್ನ ಅನುಮಾನ ಮಾತ್ರ ಸಜ್ಜೆಯ ಮೇಲೆ. ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ, ಬೀಸಿದ ಮೇಲೆ ಅದರ ಕಿಣ್ವಗಳು ಎಣ್ಣೆಯನ್ನು ಒಡೆಯಲು ಶುರುಮಾಡುತ್ತವೆ, ಹಿಟ್ಟು ಕೆಲವೇ ವಾರಗಳಲ್ಲಿ ಕಹಿಯಾಗುತ್ತದೆ. ಸರಿಯಾಗಿ ಬಿಸಿ ಮಾಡಿ ಕಿಣ್ವವನ್ನು ಕೊಲ್ಲದೆ ಪ್ಯಾಕ್ ಮಾಡಿದರೆ, ಅಥವಾ ಅಂಗಡಿಯ ಎದುರಿನ ಬಿಸಿಲಿಗೆ ಪ್ಯಾಕೆಟ್ ತೂಗುಹಾಕಿದರೆ, ಅವಧಿ ಮುಗಿಯುವ ಮೊದಲೇ ನಾತ ಬರುತ್ತದೆ. ಗುಣಮಟ್ಟದಲ್ಲಿ ಕೊರತೆ ಎಂದರೆ ಕಾನೂನಿನ ಭಾಷೆಯಲ್ಲಿ ದೋಷವೇ. ಆದರೆ ನೀವು ಪ್ಯಾಕೆಟ್ಟಿಗೆ ಬಟ್ಟೆ ಕ್ಲಿಪ್ಪು ಹಾಕಿ ಮಳೆಗಾಲದಲ್ಲಿ ಮೂರು ವಾರ ಇಟ್ಟಿದ್ದೀರಿ ಎಂಬುದು ಫೋಟೋದಲ್ಲೇ ಕಾಣುತ್ತದೆ. ಶಿರಸಿಯ ಮಳೆಗಾಲದ ತೇವ ಯಾರಿಗೆ ಗೊತ್ತಿಲ್ಲ, ಹಪ್ಪಳವೇ ಮೆತ್ತಗಾಗುತ್ತದೆ. ಕಂಪನಿಯ ವಕೀಲರು ಆ ಕ್ಲಿಪ್ಪನ್ನೇ ಹಿಡಿಯುತ್ತಾರೆ. ಒಡೆದ ದಿನವೇ ಮಗಳಿಗೋ ಅಕ್ಕತಂಗಿಗೋ ವಾಟ್ಸಾಪಿನಲ್ಲಿ ಈ ವಾಸನೆಯ ಬಗ್ಗೆ ಏನಾದರೂ ಹೇಳಿದ್ದಿರಾ? ಹೇಳಿದ್ದರೆ ಆ ಸಂದೇಶವನ್ನು ಅಳಿಸಬೇಡಿ, ಅದರ ತಾರೀಖು ನಿಮ್ಮ ಸಾಕ್ಷಿ. ಇಲ್ಲದಿದ್ದರೆ ವಾಸನೆಯನ್ನು ಎರಡನೇ ದೂರಾಗಿ ಒಂದೇ ವಾಕ್ಯದಲ್ಲಿ ಹೇಳಿ ಬಿಡಿ.

ಇನ್ನು ಗೋಡೆಯ ಬೋರ್ಡು. ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಎಂದು ಬರೆದು ತೂಗುಹಾಕಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಕಲಂ 2(47) ನೋಡಿ: ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲವಾದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಬೋರ್ಡು ತೋರಿಸಿದವರ ಮೇಲೆ ಈಗ ಎರಡು ತಪ್ಪು ಬಂತು. ಒಡೆದ ಪ್ಯಾಕೆಟ್ ಎಂಬ ತಕರಾರಿಗೆ ಹೆಚ್ಚು ಬೆಲೆಯಿಲ್ಲ, ಒಡೆಯದೆ ಒಳಗಿನ ದೋಷ ಕಾಣುವುದು ಹೇಗೆ? ನಿಮಗೆ ಮೂರು ವಾರ ಆಗಿದೆ, ಅಂದರೆ 30 ದಿನಕ್ಕೆ ಇನ್ನು ಒಂದೇ ವಾರ ಚಿಲ್ಲರೆ. ಬರವಣಿಗೆಯ ದೂರು ಈ ವಾರದೊಳಗೇ ಹೋಗಬೇಕು. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಫೋನಿನಲ್ಲಿ ದುಡ್ಡು ಹಾಕಿದ ದಾಖಲೆಯಲ್ಲಿ ಅಂಗಡಿಯ ಹೆಸರು, ತಾರೀಖು, ಮೊತ್ತ ಮೂರೂ ಇರುತ್ತವೆ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಪ್ಯಾಕೆಟ್ ಜೋಪಾನ ಎಂದು ಎಲ್ಲರಿಗೂ ಹೇಳುವ ನಾನೇ ಒಮ್ಮೆ ಕೆಟ್ಟಿದ್ದೇನೆ. ಒಂದು ಕಂಪನಿಯ ಓಟ್ಸ್ ಡಬ್ಬಿಯಲ್ಲಿ ನುಸಿ ಹರಿದಾಡುವುದು ಕಂಡು, ಸಿಟ್ಟಿನಲ್ಲಿ ಡಬ್ಬಿ ಸಮೇತ ಹಿತ್ತಲ ಗೊಬ್ಬರಗುಂಡಿಗೆ ಎಸೆದೆ. ಮರುದಿನ ದೂರು ಕೊಡಲು ಫೋನು ಮಾಡಿದರೆ ಆ ಕಡೆಯ ಹುಡುಗಿ ಮೊದಲು ಕೇಳಿದ್ದೇ ಬ್ಯಾಚ್ ನಂಬರು. ಕೋಲು ಹಿಡಿದು ಗುಂಡಿ ಕೆದಕಿದೆ. ಡಬ್ಬಿ ಸಿಕ್ಕಿತು, ಬ್ಯಾಚ್ ನಂಬರಿನ ಮೇಲೆ ಸಗಣಿ ನೀರು ಇಳಿದು ಕೊನೆಯ ಮೂರು ಅಂಕೆ ಅಳಿಸಿದ್ದವು. ಅಲ್ಲಿಗೆ ಮುಗಿಯಿತು. ನೀವು ಪ್ಯಾಕೆಟ್ಟನ್ನು ಉಳಿದ ಪುಡಿ ಸಮೇತ ಗಾಳಿಯಾಡದ ಚೀಲಕ್ಕೆ ಹಾಕಿ ಫ್ರಿಜ್ಜಿನಲ್ಲಿಡಿ. ಬ್ಯಾಚ್ ನಂಬರು, ತಯಾರಿಕೆಯ ತಿಂಗಳು, ಎಂ.ಆರ್.ಪಿ., 14 ಅಂಕೆಯ ಆಹಾರ ಲೈಸೆನ್ಸ್ ನಂಬರು, ತಯಾರಕರ ವಿಳಾಸ ಇವುಗಳ ಫೋಟೋ ಬೇರೆ ಬೇರೆಯಾಗಿ ತೆಗೆಯಿರಿ. ಈ ಅಕ್ಷರಗಳನ್ನು ಪ್ಯಾಕೆಟ್ಟಿನ ಮಡಿಕೆಯ ಮೇಲೆಯೇ ಅಚ್ಚು ಹಾಕುತ್ತಾರೆ, ಕೈ ತಾಗಿ ತಾಗಿ ಮಾಸುತ್ತವೆ.

ಪತ್ರ ಉದ್ದ ಬೇಡ. ಇಷ್ಟು ಸಾಕು:

‘ಇಂಥ ತಾರೀಖು ಇಂಥ ಅಂಗಡಿಯಲ್ಲಿ, ಇಂಥ ಬ್ಯಾಚಿನ ನಿಮ್ಮ ಗಂಜಿ ಮಿಕ್ಸ್ 500 ಗ್ರಾಂ ಪ್ಯಾಕೆಟ್ 345 ರೂಪಾಯಿ ಕೊಟ್ಟು ಕೊಂಡಿದ್ದೇನೆ. ಮುಂಬದಿಯಲ್ಲಿ ಸಕ್ಕರೆ ಸೇರಿಸಿಲ್ಲ ಎಂದಿದೆ. ಪದಾರ್ಥಗಳ ಪಟ್ಟಿಯಲ್ಲಿ ಬೆಲ್ಲದ ಪುಡಿ ಮೂರನೇ ಸ್ಥಾನದಲ್ಲಿದೆ, ನೀವೇ ಕೊಟ್ಟ ಪ್ರಮಾಣಗಳಿಂದ ಅದು 12%ಕ್ಕಿಂತ ಕಡಿಮೆ ಇರಲಾರದು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗಾಗಿ ಈ ಬರಹವನ್ನು ನಂಬಿಯೇ ಕೊಂಡೆ. ಒಡೆದ ದಿನವೇ ಪುಡಿಗೆ ಕಮಟು ವಾಸನೆಯೂ ಇತ್ತು. ಅಂಗಡಿಯವರು ವಾಪಸ್ ಪಡೆಯಲು ಒಪ್ಪಿಲ್ಲ. 15 ದಿನದೊಳಗೆ 345 ರೂಪಾಯಿ ಹಿಂದಿರುಗಿಸಬೇಕು. ಇಲ್ಲವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಆಹಾರ ಸುರಕ್ಷತಾ ಅಧಿಕಾರಿಗೂ ದೂರು ಕೊಡುತ್ತೇನೆ.’

ಕಂಪನಿಗೆ ಇಮೇಲ್ ಮಾಡಿ, ಅಂಗಡಿಗೆ ಅದರ ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ರಸೀದಿ ಇಟ್ಟುಕೊಳ್ಳಿ. ‘ಕೂಪನ್ ಕೊಡುತ್ತೇವೆ, ಇನ್ನೊಂದು ಪ್ಯಾಕೆಟ್ ಕಳಿಸುತ್ತೇವೆ’ ಎಂಬ ಉತ್ತರ ಬರಬಹುದು. ಅದೇ ಬೆಲ್ಲದ ಪುಡಿಯ ಇನ್ನೊಂದು ಪ್ಯಾಕೆಟ್ ತೆಗೆದುಕೊಂಡು ನೀವೇನು ಮಾಡುತ್ತೀರಿ? ಹಣವೇ ಬೇಕು ಎಂದು ಬರೆಯಿರಿ.

ಹದಿನೈದು ದಿನ ಕಾದು, ಆಗದಿದ್ದರೆ 1915ಕ್ಕೆ ಫೋನು ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಅವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತಾರೆ ಅಷ್ಟೆ. ಆದರೆ ಇಂಥ ಸಣ್ಣ ಮೊತ್ತದ ಬಹಳಷ್ಟು ಜಗಳ ಅಲ್ಲಿಗೇ ಮುಗಿಯುವುದನ್ನು ನೋಡಿದ್ದೇನೆ. 345 ರೂಪಾಯಿ ಉಳಿಸಲು ಹೋಗಿ ಕಡತ ಬೆಳೆಸಿಕೊಳ್ಳುವುದು ಯಾವ ಕಂಪನಿಗೂ ಬೇಡ.

ಅದೂ ಆಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಯಾವ ರಾಜ್ಯದಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 2019ರ ಕಾಯ್ದೆ ತಂದ ದೊಡ್ಡ ಅನುಕೂಲ ಇದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ಎರಡು ವರ್ಷದೊಳಗೆ ಯಾವಾಗಲಾದರೂ ಹಾಕಬಹುದು. ಅಂಗಡಿ, ತಯಾರಕ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಪ್ರತಿ ವಿಚಾರಣೆಗೆ ಬಸ್ಸು ಹತ್ತಬೇಕೇ ಎಂದು ಹೆದರಬೇಡಿ. ಆನ್‌ಲೈನಿನಲ್ಲೇ ದೂರು ದಾಖಲಿಸಲು ಅವಕಾಶವಿದೆ, ವಿಡಿಯೋ ಮೂಲಕ ವಿಚಾರಣೆ ಬೇಕೆಂದು ಅರ್ಜಿ ಹಾಕಲೂ ಬಹುದು. ಪ್ರಯೋಗಾಲಯದ ಪರೀಕ್ಷೆ ಬೇಡದ ಪ್ರಕರಣವನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಅಷ್ಟರಲ್ಲಿ ಮುಗಿಯುತ್ತದೆ ಎಂದು ನಾನು ಭರವಸೆ ಕೊಡಲಾರೆ. ನಿಮ್ಮ ಮುಖ್ಯ ದೂರಿಗೆ ಪರೀಕ್ಷೆಯೇ ಬೇಡ ಎಂಬುದು ಅನುಕೂಲ. ಸುಳ್ಳೂ ಸಾಕ್ಷಿಯೂ ಒಂದೇ ಪ್ಯಾಕೆಟ್ಟಿನ ಮುಂಬದಿ, ಹಿಂಬದಿಯಲ್ಲಿ ಅಚ್ಚಾಗಿವೆ.

ಪರಿಹಾರದ ಮೊತ್ತ ಕೇಳುವಾಗ ಕೈ ಬಿಗಿಹಿಡಿಯಿರಿ. ಗಂಜಿ ಕುಡಿದು ನಮ್ಮವರ ಸಕ್ಕರೆ ಏರಿತು, ಎರಡು ಲಕ್ಷ ಕೊಡಿ ಎಂದು ಯಾರಾದರೂ ಬರೆದುಕೊಟ್ಟಾರು. ಅದಕ್ಕೆ ಗಂಜಿಗೆ ಮೊದಲಿನ, ನಂತರದ ರಕ್ತ ಪರೀಕ್ಷೆ ಬೇಕು, ಆ ದಿನಗಳಲ್ಲಿ ಅವರು ಬೇರೇನೂ ಸಿಹಿ ತಿನ್ನಲಿಲ್ಲ ಎಂದು ತೋರಿಸಬೇಕು. ಹಲಸಿನ ಹಣ್ಣಿನ ಕಾಲದಲ್ಲಿ ಶಿರಸಿ ಕಡೆಯ ಯಾವ ಗಂಡಸಿನ ಬಗ್ಗೆಯೂ ಆ ಪ್ರಮಾಣ ಮಾಡಲಾಗದು. ಪ್ಯಾಕೆಟ್ಟಿನ ಬೆಲೆ, ಓಡಾಟದ ಖರ್ಚು, ಒಂದಿಷ್ಟು ಪರಿಹಾರ, ಜೊತೆಗೆ ‘ಈ ಬರಹವನ್ನು ಪ್ಯಾಕೆಟ್ಟಿನಿಂದ ತೆಗೆಸಿ’ ಎಂಬ ಬೇಡಿಕೆ. ಆಯೋಗಕ್ಕೆ ಅನುಚಿತ ವ್ಯಾಪಾರ ಪದ್ಧತಿಯನ್ನು ನಿಲ್ಲಿಸಲು ಆದೇಶಿಸುವ ಅಧಿಕಾರವೂ ಇದೆ, ನನ್ನ ಮಟ್ಟಿಗೆ 345 ರೂಪಾಯಿಗಿಂತ ದೊಡ್ಡದು ಅದೇ. ನಿಮ್ಮ ಹಾಗೆ ಸಕ್ಕರೆ ಕಾಯಿಲೆಯವರಿಗೆಂದೇ ಅದನ್ನು ಒಯ್ಯುವವರು ಇನ್ನೂ ಇದ್ದಾರೆ.

ಆ ಕಾರಣಕ್ಕೇ ಆಹಾರ ಸುರಕ್ಷತೆಯ ಕಡೆಗೂ ಒಂದು ದೂರು ಹಾಕಿ. ಫುಡ್ ಸೇಫ್ಟಿ ಕನೆಕ್ಟ್ ಎಂಬ ಆ್ಯಪಿನಲ್ಲಿ ಫೋಟೋ ಸಮೇತ ದಾಖಲಿಸಬಹುದು. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ತಪ್ಪು ಲೇಬಲ್ಲಿಗೆ 3 ಲಕ್ಷದವರೆಗೆ ದಂಡವಿದೆ. ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಕಮಟು ವಾಸನೆಯನ್ನು ಪರೀಕ್ಷೆ ಮಾಡಿಸಲೇಬೇಕೆಂಬ ಹಟವಿದ್ದರೆ ಅದೇ ಕಾಯ್ದೆಯ ಕಲಂ 40 ಇದೆ: ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ತಪ್ಪು ಕಂಡುಬಂದರೆ ಶುಲ್ಕ ವಾಪಸ್. ಆದರೆ ಪರೀಕ್ಷೆ ಮಾಡಿಸುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ನಿಮ್ಮ ಒಡೆದ ಪ್ಯಾಕೆಟ್ಟಿಗೆ ಆ ದಾರಿ ಮುಚ್ಚಿದೆ. ಅದೇ ಬ್ಯಾಚಿನ ಇನ್ನೊಂದು ಪ್ಯಾಕೆಟ್ಟನ್ನು, ಹಾಗೆ ಹೇಳಿ, ಬಿಲ್ಲು ಪಡೆದು ಕೊಳ್ಳಬೇಕಾಗುತ್ತದೆ. ಇನ್ನೊಂದು 345 ಕಳೆಯುವಷ್ಟು ಸಿಟ್ಟು ನಿಮಗಿದೆಯೇ ನೋಡಿಕೊಳ್ಳಿ. ನನಗಾದರೆ ಬೆಲ್ಲದ ದೂರೇ ಸಾಕು.

ಪತ್ರ ಹಾಕುವ ಮೊದಲು ಅಂಗಡಿಗೆ ಇನ್ನೊಮ್ಮೆ ಹೋಗಿ, ಈ ಸಲ ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತಿಗೆ. ಕಪಾಟಿನಲ್ಲಿರುವ ಅದೇ ಪ್ಯಾಕೆಟ್ ತೆಗೆದು ಮುಂದೆ ಹಿಂದೆ ತಿರುಗಿಸಿ ಅವರ ಕೈಲೇ ಓದಿಸಿ. ಪುಡಿ ಮಾಡಿದ್ದು ಅವರಲ್ಲ, ವಾರ ವಾರ ಆರ್ಡರ್ ತೆಗೆದುಕೊಳ್ಳಲು ಬರುವ ಸೇಲ್ಸ್‌ನವನಿಗೆ ವಾಪಸ್ ಕೊಟ್ಟು ಲೆಕ್ಕ ಸರಿಮಾಡಿಕೊಳ್ಳುವ ದಾರಿ ಅಂಗಡಿಯವರಿಗೆ ಇದ್ದೇ ಇರುತ್ತದೆ. ಅವರು ಅಲ್ಲೇ ದುಡ್ಡು ಎಣಿಸಿಕೊಟ್ಟರೆ ಕಂಪನಿಗೆ ಬರೆಯುವ ಪತ್ರದಲ್ಲಿ ಹಣದ ಸಾಲು, ಅಂಗಡಿಯವರು ಒಪ್ಪಿಲ್ಲ ಎಂಬ ಸಾಲು ಎರಡನ್ನೂ ಹೊಡೆದುಹಾಕಿ, ಉಳಿದದ್ದನ್ನು ಹಾಗೇ ಕಳಿಸಿ.

ಕರುವಿಗೆ ಮಾತ್ರ ಬೇಡ. ದುಡ್ಡು ಕೈಗೆ ಬರುವವರೆಗೆ ಅದು ಸಾಕ್ಷಿ, ಕರು ನೆಕ್ಕಿ ಮುಗಿಸಿದರೆ ನನ್ನ ಓಟ್ಸ್ ಡಬ್ಬಿಯ ಗತಿಯೇ. ಬಂದ ಮೇಲೂ ಕಮಟು ಹಿಟ್ಟು ಎಳೆಗರುವಿಗೆ ಒಳ್ಳೆಯದಲ್ಲ, ಭೇದಿ ಹಿಡಿದರೆ ಪಶುವೈದ್ಯರನ್ನು ಕರೆಸುವ ಖರ್ಚು 345ನ್ನು ದಾಟುತ್ತದೆ.